ಐಸಿನ ಬೆಟ್ಟಕ್ಕೆ ಕಿವಿ ಕೊಟ್ಟವರು

ಅವರು ಹೋದ ಸುದ್ದಿ ಬಂದಾಗ ನಾನು ಟ್ರಾಕ್ಟರ್ ಟ್ರೇಲರೊಂದರ ಅಡಿಯಲ್ಲಿ ಮಲಗಿ ವೆಲ್ಡಿಂಗ್ ಮಾಡುತ್ತಿದ್ದೆ. ಶೆಡ್ಡಿನ ಬಾಗಿಲಲ್ಲಿ ನಿಂತು ಜೊತೆ ಕೆಲಸಗಾರ ಶಿವಲಿಂಗ, "ಅಣ್ಣ, ಕೈಲಾಂಚದಿಂದ ಫೋನು. ಹಡಗಣ್ಣ ಹೋಗ್ಬುಟ್ರಂತೆ" ಅಂದ. ಕೈಯಲ್ಲಿದ್ದ ವೆಲ್ಡಿಂಗ್ ರಾಡು ಕರಗುವ ಬದಲು ಪ್ಲೇಟಿಗೆ ಕಚ್ಚಿಕೊಂಡಿತು. ಹೊಸದಾಗಿ ಹೋಲ್ಡರ್ ಹಿಡಿದವರಿಗೆ ಹಾಗಾಗುತ್ತದೆ, ಇಪ್ಪತ್ತೈದು ವರ್ಷ ಹಿಡಿದವನಿಗೆ ಆಗುವುದಿಲ್ಲ. ಎಳೆದೆ, ಬರಲಿಲ್ಲ. ಅದನ್ನು ಅಲ್ಲೇ ಬಿಟ್ಟು ಹೊರಗೆ ತೆವಳಿಕೊಂಡು ಬಂದು ನೆಲದ ಮೇಲೆ ಕೂತೆ.

ಅದಕ್ಕೆ ಹನ್ನೊಂದು ದಿನ ಮೊದಲು ಅವರ ಕೊಟ್ಟಿಗೆಯ ಮುಂದೆ ಇಬ್ಬರೂ ಕೂತು ಕಾಫಿ ಕುಡಿದಿದ್ದೆವು. ಅವತ್ತು ನಾನು ಒಂದು ಮಾತು ಹೇಳಬೇಕೆಂದೇ ಹೋಗಿದ್ದೆ. ಮೂರು ವರ್ಷದಿಂದ ಹೇಳದೆ ಉಳಿಸಿಕೊಂಡಿದ್ದ ಮಾತು. ಹೇಳಲು ಬಾಯಿ ತೆರೆದೆ. ಅವರು ಸುಮ್ಮನಿರು ಅಂದರು. ಇರಲಿ, ಇನ್ನೊಂದು ದಿನ ಹೇಳಿದರಾಯಿತು, ಗಟ್ಟಿ ಆಳು ಎಲ್ಲಿಗೆ ಹೋಗುತ್ತಾರೆ ಅಂದುಕೊಂಡು ವಾಪಸ್ಸು ಬಂದೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಅವರ ಊರು ಕೈಲಾಂಚದ ಹೊರಗೆ ಯಾರಿಗೂ ತಿಳಿಯಲಿಕ್ಕಿಲ್ಲ. ರಾಮನಗರದ ಗ್ಯಾರೇಜು, ಶೆಡ್ಡುಗಳಲ್ಲೆಲ್ಲ ಅವರು ಹಡಗಣ್ಣ. ಹದಿನೆಂಟನೇ ವಯಸ್ಸಿನಲ್ಲಿ ಮನೆ ಬಿಟ್ಟು ಬೊಂಬಾಯಿಗೆ ಹೋದವರು, ಅಲ್ಲಿಂದ ಸರಕಿನ ಹಡಗು ಹತ್ತಿ ಇಂಜಿನ್ನಿಗೆ ಎಣ್ಣೆ ಬಿಡುವ ಕೆಲಸ ಹಿಡಿದು ಇಪ್ಪತ್ತೆರಡು ವರ್ಷ ಸಮುದ್ರದ ಮೇಲಿದ್ದರು. ಇಂಜಿನ್ನಿನ ಸದ್ದಿಗೆ ಎಡಗಿವಿ ಹೋದ ಮೇಲೆ ಊರಿಗೆ ಬಂದು ಹಿಪ್ಪುನೇರಳೆ ತೋಟ, ಎರಡು ಹಸು ಇಟ್ಟುಕೊಂಡರು. ತೋಟದ ಕೆಲಸ ಹೆಂಡತಿಯೇ ಚೆನ್ನಾಗಿ ಮಾಡುತ್ತಿದ್ದುದರಿಂದ ಇವರು ಹದಿನೈದು ವರ್ಷ ಹೇಗೋ ಕಳೆದು, ಇನ್ನು ಮನೆಯಲ್ಲಿ ಕೂರಲಾರದೆ ಒಂದು ದಿನ ಬಸ್ಸು ಹತ್ತಿ ನನ್ನ ಶೆಡ್ಡಿಗೆ ಬಂದರು. ಕೈಯಲ್ಲಿ ಒಂದೂವರೆ ಅಡಿ ಉದ್ದದ ಸ್ಕ್ರೂಡ್ರೈವರ್. ಅದರ ಹಳದಿ ಹಿಡಿ ಬಳಸಿ ಬಳಸಿ ತುಪ್ಪದ ಬಣ್ಣಕ್ಕೆ ತಿರುಗಿತ್ತು.

"ಏನು ಕೆಲ್ಸ ಬತ್ತದೆ?" ಅಂತ ಕೇಳಿದೆ.

"ಕೇಳ್ಸ್ಕಳದು ಬತ್ತದೆ" ಅಂದರು.

ಎಲ್ಲರೂ ನಕ್ಕರು. ಅವರು ನಗಲಿಲ್ಲ. ನನ್ನ ಏರ್ ಕಂಪ್ರೆಸರ್ ಒಂದು ವಾರದಿಂದ ಕರಕರ ಅನ್ನುತ್ತಿತ್ತು. ನಾನು ಬೆಲ್ಟ್ ಬದಲಾಯಿಸಿದ್ದೆ, ಪುಲ್ಲಿ ಬಿಗಿ ಮಾಡಿದ್ದೆ, ಮೋಟಾರ್ ಬಿಚ್ಚಿ ನೋಡಿದ್ದೆ. ಅವರು ಓಡುತ್ತಿರುವ ಮೆಷಿನ್ನಿನ ಮೈಗೆ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿಯನ್ನು ಬಲಗಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿದರು. ಡಾಕ್ಟರು ಎದೆಯ ಮೇಲೆ ಇಟ್ಟ ಹಾಗೆ ಅಲ್ಲಿ ಇಟ್ಟರು, ಇಲ್ಲಿ ಇಟ್ಟರು. ಮೂರನೇ ಜಾಗದಲ್ಲಿ ಕಣ್ಣು ತೆರೆದು, "ಒಳಗಡೆ ಬೇರಿಂಗು, ಒಂದು ಗುಂಡು ಒಡ್ದೈತೆ. ಮಿಕ್ಕವು ಸರ್ಯಾಗವೆ" ಅಂದರು. ಬಿಚ್ಚಿದೆವು. ಒಂದೇ ಒಂದು ಗುಂಡು ಒಡೆದಿತ್ತು.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಹನ್ನೆರಡು ವರ್ಷ ಇನ್ನೊಬ್ಬರ ಶೆಡ್ಡಿನಲ್ಲಿ ದುಡಿದು, ಕನಕಪುರ ರಸ್ತೆಯಲ್ಲಿ ಸ್ವಂತ ಶೆಡ್ಡು ಹಾಕಿದವನು. ಕಿಟಕಿ ಗ್ರಿಲ್ಲಿನಿಂದ ಶುರು ಮಾಡಿ, ಅಂಗಡಿಗಳ ಶಟರ್, ರೇಷ್ಮೆ ಬಿಚ್ಚುವವರ ಬಾಯ್ಲರ್, ಟ್ರೇಲರ್ ಎಲ್ಲ ಮಾಡಿದೆ. ನಾನು ಹಾಕಿದ ಬೆಸುಗೆ ಬಿಟ್ಟಿತು ಅಂತ ಒಬ್ಬನೂ ವಾಪಸ್ಸು ಬಂದಿರಲಿಲ್ಲ. ಇಂಜಿನಿಯರುಗಳು ಪೇಪರಿನಲ್ಲಿ ಹಾಕಿಕೊಂಡು ಬಂದ ಲೆಕ್ಕವನ್ನು ನಾನು ಬಾಯಲ್ಲಿ ಹೇಳುತ್ತಿದ್ದೆ. ಅದೇ ನನಗೆ ದೊಡ್ಡದಾಗಿತ್ತು. ಹಾಗಾಗಿ ಅವತ್ತು ಒಬ್ಬ ಮುದುಕ ನೋಡದೆಯೇ ಹೇಳಿದ್ದು ನಿಜವಾದಾಗ ಸಂತೋಷದ ಜೊತೆಗೆ ಒಸಿ ಉರಿಯೂ ಆಯಿತು. ಆದರೂ ಇರಿ ಅಂದೆ. ಇದ್ದರು.

ಅವರು ನಡೆಯುವಾಗ ಕಾಲು ಅಗಲಿಸಿ ನಡೆಯುತ್ತಿದ್ದರು, ನೆಲ ಯಾವಾಗ ವಾಲುತ್ತದೋ ಅನ್ನುವ ಹಾಗೆ. ಟೀ ಲೋಟವನ್ನು ಅರ್ಧಕ್ಕಿಂತ ಜಾಸ್ತಿ ತುಂಬಿಸಿಕೊಳ್ಳುತ್ತಿರಲಿಲ್ಲ. ಸ್ಪ್ಯಾನರನ್ನು ಎಲ್ಲೂ ಮೇಜಿನ ಅಂಚಿಗೆ ಇಡುತ್ತಿರಲಿಲ್ಲ. "ಇದು ರಾಮ್ನಗ್ರ ಕಣಣ್ಣೋ, ಅಲೆ ಬರಾಕಿಲ್ಲ" ಅಂತ ಶಿವಲಿಂಗ ಛೇಡಿಸುತ್ತಿದ್ದ. ಶಿವಲಿಂಗ ಬೈರಾಪಟ್ಟಣದವನು, ನನ್ನ ಜೊತೆ ಮೊದಲಿಂದ ಇದ್ದ ವೆಲ್ಡರು, ಬಾಯಿ ಒಂದು ನಿಮಿಷ ಸುಮ್ಮನಿರುತ್ತಿರಲಿಲ್ಲ. ಹಡಗಣ್ಣನಿಂದ ಐಸಿನ ಬೆಟ್ಟದ ಕತೆ ಹೊರಡಿಸುವುದು ಅವನ ದಿನದ ಕೆಲಸ.

"ಅಣ್ಣೋ, ಆ ಐಸಿನ ಬೆಟ್ಟ ನಮ್ ರಾಮದೇವ್ರ ಬೆಟ್ಟದಷ್ಟಿತ್ತಾ?"

"ನೀರಿನ ಮ್ಯಾಕೆ ಅದರರ್ಧ ಇತ್ತು."

"ನೀರಿನ ಕೆಳೀಕೆ?"

"ಮ್ಯಾಗಿದ್ದದ್ದರ ಏಳೆಂಟರಷ್ಟು."

"ಕೇಳೋರಿದ್ರೆ ನೀನು ಸಮುದ್ರವೇ ಇಲ್ಲ, ಬರೀ ಐಸೇ ಅಂತೀಯ."

ನನಗೆ ಅದರಲ್ಲಿ ಒಂದು ಅನುಮಾನ ಇತ್ತು. ಕಬ್ಬಾಳಮ್ಮನ ಗುಡಿಗೆ ಹೋದಾಗಲೆಲ್ಲ ನಾನು ಕಬ್ಬಾಳದುರ್ಗದ ಬಂಡೆಬೆಟ್ಟವನ್ನು ತಲೆ ಎತ್ತಿ ನೋಡಿದವನು. ನಮ್ಮ ಕಡೆ ಎಲ್ಲಿ ತಿರುಗಿದರೂ ಬಂಡೆ. ಬಂಡೆ ಅಂದರೆ ಬುಡ ನೆಲದೊಳಗಿರುತ್ತದೆ, ಎಷ್ಟು ತೋಡಿದರೂ ಮುಗಿಯುವುದಿಲ್ಲ. ಬೆಟ್ಟ ಅಂದಮೇಲೆ ಅದೂ ಸಮುದ್ರದ ತಳದಲ್ಲಿ ಕೂತಿರಬೇಕು, ಸಮುದ್ರ ಚಳಿಗೆ ಹೆಪ್ಪುಗಟ್ಟಿ ಮೇಲೆ ಬಂದಿರಬೇಕು. ಹಾಗಂತ ವಾದ ಮಾಡಿದೆ.

ಅವರು ಸೀಮೆಸುಣ್ಣ ತಗೊಂಡು ಕಬ್ಬಿಣದ ಪ್ಲೇಟಿನ ಮೇಲೆ ಬರೆದು ತೋರಿಸಿದರು. ಅವರ ಮಾತು ಹೀಗಿತ್ತು.

"ಅದು ಸಮುದ್ರದ್ದಲ್ಲ ಕಣಪ್ಪ, ನೆಲದ್ದು. ಗ್ರೀನ್‌ಲ್ಯಾಂಡು ಅಂತ ಒಂದು ಸೀಮೆ ಐತೆ. ಅಲ್ಲಿ ಮಂಜು ಬೀಳ್ತದೆ, ಕರಗಾಕಿಲ್ಲ. ಮುಂದಿನ್ವರ್ಷ ಅದರ ಮ್ಯಾಕೆ ಇನ್ನಷ್ಟು. ಹುಲ್ಲಿನ ಮೆದೆ ಹಾಕ್ತೀವಲ್ಲ, ಅಡೀಲಿರೋ ಹುಲ್ಲು ಏನಾಯ್ತದೆ? ಒತ್ತಿ ಒತ್ತಿ ಹಲಗೆ ಆಯ್ತದೆ. ಅಂಗೆ ಸಾವಿರಾರು ವರ್ಷ ಒತ್ತಿ ಆ ಮಂಜು ಐಸಾಯ್ತದೆ. ಮಂಜಿನ ಸಂದೀಲಿ ಗಾಳಿ ಇರ್ತದಲ್ಲ, ಅದು ಹೊರಕ್ಕೋಗಾಕಾಗದೆ ಗುಳ್ಳೆ ಗುಳ್ಳೆಯಾಗಿ ಒಳಗೇ ಸಿಕ್ಕಾಕ್ಕತದೆ. ಅದಕ್ಕೇ ಬೆಳ್ಳಗೆ ಕಾಣಾದು. ಆ ಐಸು ಸುಮ್ನೆ ಕೂರಾಕಿಲ್ಲ. ತನ್ನ ಭಾರಕ್ಕೆ ತಾನೇ ಇಳಿಜಾರ್‌ನಾಗೆ ಸರೀತದೆ, ದಿನಕ್ಕೆ ಇಷ್ಟಿಷ್ಟು. ಸರೀತಾ ಸರೀತಾ ಸಮುದ್ರದ ಮ್ಯಾಕೆ ನಾಲಿಗೆ ಚಾಚ್ತದೆ. ಉಬ್ಬರಕ್ಕೆ ನೀರು ಆ ನಾಲಿಗೇನ ಎತ್ತುತದೆ, ಇಳಿತಕ್ಕೆ ಬುಡ್ತದೆ. ಎತ್ತುತದೆ, ಬುಡ್ತದೆ."

ಅಷ್ಟು ಹೇಳಿ ನೆಲದಲ್ಲಿ ಬಿದ್ದಿದ್ದ ಕಟ್ಟುತಂತಿಯ ತುಂಡೊಂದನ್ನು ನನ್ನ ಕೈಗೆ ಕೊಟ್ಟು, "ಆಕಡೀಕೆ ಈಕಡೀಕೆ ಬಗ್ಗಿಸು" ಅಂದರು. ಬಗ್ಗಿಸಿದೆ. ಎಂಟನೇ ಸಲಕ್ಕೆ ತುಂಡಾಯಿತು.

"ಅಷ್ಟೇಯ. ತುಂಡಾಗಿದ್ದು ಬೆಟ್ಟ. ಸಿಹಿನೀರಿನ ಬೆಟ್ಟ, ಉಪ್ಪುನೀರಿನ ಮ್ಯಾಕೆ ತೇಲ್ಕಂಡು ಓಯ್ತದೆ."

"ಅಷ್ಟು ಭಾರದ್ದು ತೇಲ್ತದಾ?"

"ಫ್ರಿಜ್ಜಿನಾಗೆ ಬಾಟ್ಲಿ ತುಂಬ ನೀರಿಟ್ರೆ ಯಾಕೆ ಒಡೀತದೆ? ನೀರು ಗಟ್ಟಿಯಾದ್ರೆ ಉಬ್ಬುತದೆ. ತೂಕ ಅಷ್ಟೇ, ಜಾಗ ಜಾಸ್ತಿ. ಭಾರ ಎಷ್ಟು ಅಂತ ಕೇಳ್ಬ್ಯಾಡ. ತಾನು ಕೂತ್ಕಳಾಕೆ ಎಷ್ಟು ನೀರನ್ನ ಪಕ್ಕಕ್ಕೆ ತಳ್ತದೆ ಅಂತ ಕೇಳು. ಆ ನೀರಿಗಿಂತ ಹಗುರಾಗಿದ್ರೆ ಬೆಟ್ಟಾನೂ ತೇಲ್ತದೆ, ಕಬ್ಬಿಣಾನೂ ತೇಲ್ತದೆ. ನಾನಿದ್ದ ಹಡಗು ಏನು ಹತ್ತೀದಾ?"

ಮತ್ತೆ ಒಂದು ಮಾತು ಸೇರಿಸಿದರು. "ನೀರಿನಾಗೆ ಅದು ಸುಮ್ನೆ ನಿಂತಿರ್ತದಲ್ಲ, ಅದನ್ನ ನಂಬ್ಬಾರ್ದು. ಅಡೀಲಿ ಕರಗ್ತಾ ಕರಗ್ತಾ ತಲೆ ಭಾರ ಆಯ್ತದೆ. ಒಂದು ಗಳಿಗೇಲಿ ಮೊಗಚ್ಕತದೆ. ಗಾಳಿ ಬ್ಯಾಡ, ಅಲೆ ಬ್ಯಾಡ. ಹಡಗಿನೋರು ಅದರ ಹತ್ರಕ್ಕೇ ಹೋಗಾಕಿಲ್ಲ."

ಕೇಳುವಾಗ ಚೆನ್ನಾಗಿತ್ತು. ಟೀ ಮುಗಿಯಿತು, ಎದ್ದು ಕೆಲಸಕ್ಕೆ ಹೋದೆವು. ನಮ್ಮ ಕೆಲಸಕ್ಕೂ ಅದಕ್ಕೂ ಏನು ಸಂಬಂಧ ಅಂತ ನನ್ನ ಮನಸ್ಸಿನಲ್ಲಿತ್ತು.

ಆಗ ಹಾರೋಹಳ್ಳಿ ಕಡೆ, ಬಿಡದಿ ಕಡೆ ಹೊಲಗಳಲ್ಲಿ ತಿಂಗಳಿಗೊಂದು ಕಾಂಪೌಂಡು ಏಳುತ್ತಿದ್ದ ಕಾಲ. ರಾಗಿ ಹೊಲದಲ್ಲಿ ಬೆಳಗ್ಗೆ ಕಲ್ಲು ನೆಟ್ಟರೆ ಆರು ತಿಂಗಳಿಗೆ ಅಲ್ಲಿ ಗೇಟು, ಗೇಟಿನ ಮುಂದೆ ಸೆಕ್ಯೂರಿಟಿ. ಹಾಗೆ ಹಾರೋಹಳ್ಳಿಯಲ್ಲಿ ಬಂದ ಒಂದು ಫ್ಯಾಕ್ಟರಿಯಿಂದ ನನಗೆ ಆರ್ಡರ್ ಸಿಕ್ಕಿತು. ನೆಲದೊಳಗೆ ಹೂಳುವ ಎಣ್ಣೆ ಟ್ಯಾಂಕು, ಇಪ್ಪತ್ತಡಿ ಉದ್ದ, ಎಂಟಡಿ ಎತ್ತರದ ಸಿಲಿಂಡರು. ಅಷ್ಟು ದೊಡ್ಡ ಕೆಲಸ ರಾಮನಗರದ ಶೆಡ್ಡಿಗೆ ಯಾರೂ ಕೊಟ್ಟಿರಲಿಲ್ಲ, ಬೆಂಗಳೂರಿನ ಪೀಣ್ಯಕ್ಕೆ ಹೋಗುತ್ತಿತ್ತು. ಇದು ಸರಿಯಾಗಿ ಆದರೆ ಆ ಸಾಲಿನ ಫ್ಯಾಕ್ಟರಿಗಳೆಲ್ಲ ನಮ್ಮ ಕಡೆ ತಿರುಗುತ್ತವೆ, ಕೆಟ್ಟರೆ ಮತ್ತೆ ಗ್ರಿಲ್ಲು, ಶಟರ್. ಒಂದೂವರೆ ತಿಂಗಳು ನಾನು ಶೆಡ್ಡಿನಲ್ಲೇ ಮಲಗಿದೆ. ಒಂದೊಂದು ಬೆಸುಗೆಯನ್ನೂ ನಾನೇ ಹಾಕಿದೆ. ಒಳಗೆ ಇಳಿದು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಎಣ್ಣೆ ಬಳಿದು, ಕನ್ನಡಿ ಮಾಡಿದೆ. ತೊಳೆದ ನೀರು ಹೊರಗೆ ಹೋಗಲೆಂದು ಅಡಿಯಲ್ಲಿ ಒಂದು ತೂತು ಇಟ್ಟು, ತಿರುಪಿನ ಬಿರಡೆ ಹಾಕಿದೆ. ಅದು ಡ್ರಾಯಿಂಗಿನಲ್ಲಿ ಇರಲಿಲ್ಲ, ನನ್ನದೇ ಬುದ್ಧಿ.

ಫ್ಯಾಕ್ಟರಿಯವರು ಹತ್ತಡಿ ಗುಂಡಿ ತೋಡಿ ತಳಕ್ಕೆ ಕಾಂಕ್ರೀಟ್ ಹಾಕಿದ್ದರು. ಟ್ಯಾಂಕನ್ನು ನೆಲಕ್ಕೆ ಬಿಗಿಯುವ ಪಟ್ಟಿಗಳು ಇನ್ನೂ ಬಂದಿರಲಿಲ್ಲ, ನಾಲ್ಕು ದಿನ ಆಗುತ್ತದೆ ಅಂದರು. ಕ್ರೇನು ಬಂದು ನಿಂತಿತ್ತು. ನಾನು, "ಇಳಿಸೇ ಬುಡನ ಸಾರ್, ಪಟ್ಟಿ ಆಮೇಲೆ ಹಾಕನ" ಅಂದೆ. ಇಳಿಸಿದೆವು. ಒಂದು ಕೂದಲು ಅತ್ತಿತ್ತ ಆಗದ ಹಾಗೆ ಕೂತಿತು. ಮೂರು ಟನ್ ಕಬ್ಬಿಣ.

ಹಡಗಣ್ಣ ಗುಂಡಿಯ ಸುತ್ತ ಒಂದು ಸುತ್ತು ಬಂದರು, ಆಕಾಶ ನೋಡಿದರು. "ಒಳೀಕೆ ನೀರು ತುಂಬ್ಸಿ ಓಗನ ಕಣಪ್ಪ" ಅಂದರು.

"ಯಾಕೆ?"

"ಮಳೆ ಬಂದ್ರೆ ಗುಂಡಿ ತುಂಬ್ತದೆ. ಖಾಲಿ ಟ್ಯಾಂಕು. ಎದ್ದೇಳ್ತದೆ."

ಸೈಟಿನವರೆಲ್ಲ ಇದ್ದರು. ಇಂಜಿನಿಯರೂ ಇದ್ದ. ನಾನು ಕನ್ನಡಿ ಮಾಡಿದ ಟ್ಯಾಂಕಿಗೆ ಬೋರಿನ ನೀರು ತುಂಬಿಸಿ ತುಕ್ಕು ಹಿಡಿಸಬೇಕಂತೆ. "ಅಣ್ಣ, ಇದು ಐಸಲ್ಲ, ಆರು ಎಂಎಂ ಪ್ಲೇಟು. ಮೂರು ಟನ್ನು ಎಲ್ಲೋಯ್ತದೆ?" ಅಂದೆ. ಎಲ್ಲರೂ ನಕ್ಕರು. ಅವರು ಸ್ಕ್ರೂಡ್ರೈವರನ್ನು ಪಂಚೆಗೆ ಸಿಕ್ಕಿಸಿಕೊಂಡು ಹೋಗಿ ಟೆಂಪೋದಲ್ಲಿ ಕೂತರು.

ಎರಡು ದಿನ ಬಿಡದೆ ಸುರಿಯಿತು. ಮೂರನೇ ದಿನ ಬೆಳಗ್ಗೆ ಸೆಕ್ಯೂರಿಟಿಯವನು ಫೋನ್ ಮಾಡಿ, "ನಿಮ್ ಟ್ಯಾಂಕು ಮ್ಯಾಕ್ ಬಂದೈತೆ, ಬಂದ್ ನೋಡಿ" ಅಂದ. ಯಾರೋ ಕ್ರೇನಿನಲ್ಲಿ ಎತ್ತಿರಬೇಕು ಅಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ.

ಶೆಡ್ಡಿನವರ ಜೊತೆ ಹೋಗಿ ನೋಡಿದವನು ಗೇಟಿನಲ್ಲೇ ನಿಂತುಬಿಟ್ಟೆ. ನೆಲಕ್ಕಿಂತ ತಗ್ಗಿನಲ್ಲಿ ಬಿಟ್ಟುಬಂದಿದ್ದ ಟ್ಯಾಂಕು ನೆಲದ ಮೇಲೆ ಬೆಟ್ಟದ ಹಾಗೆ ಎದ್ದು ನಿಂತಿತ್ತು. ಗುಂಡಿ ತುಂಬ ಕೆಂಪು ನೀರು. ನೀರಿನೊಳಗೆ ಮುಳುಗಿದ್ದುದು ಒಂದೂಕಾಲು ಅಡಿ ಇರಬಹುದು, ಮಿಕ್ಕಿದ್ದೆಲ್ಲ ಗಾಳಿಯಲ್ಲಿ. ನಾನು ಬಳಿದ ಕಪ್ಪು ಬಣ್ಣ ಮಳೆಯಲ್ಲಿ ತೊಳೆದು ಮಿರಮಿರ ಮಿಂಚುತ್ತಿತ್ತು. ಮೂರು ಟನ್ನು ಸಣ್ಣ ಗಾಳಿಗೆ ಅಲುಗುತ್ತಿತ್ತು, ತೊಟ್ಟಿಲ ಹಾಗೆ. ನಾನು ಹುಟ್ಟಿದಾಗಿನಿಂದ ಭಾರ ಅಂದರೆ ಕೆಳಗೆ ಕೂರುವುದು ಅಂತ ನಂಬಿದ್ದವನು. ಆ ನಂಬಿಕೆ ನನ್ನ ಕಣ್ಣೆದುರೇ ಅಲ್ಲಾಡುತ್ತಿತ್ತು.

ಇಂಜಿನಿಯರ್ ನನ್ನನ್ನು ನೋಡಿದ. ಫ್ಯಾಕ್ಟರಿಯ ಜನ ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಿದ್ದರು. ಅವರಲ್ಲೊಬ್ಬ, "ಯಾರ್ಲಾ ಮಾಡಿದ್ದು ಈ ಬೋಟು?" ಅಂದ. ಆ ಮಾತು ಬೆನ್ನಿಗೆ ಏಟು ಕೊಟ್ಟ ಹಾಗಾಯಿತು. ಚೈನು ತಗೊಂಡೆ. ಟ್ಯಾಂಕಿನ ಮೇಲೆ ಹತ್ತಿ, ಮೇಲಿದ್ದ ಕೊಂಡಿಗೆ ಚೈನು ಹಾಕಿ, ಜೆಸಿಬಿಗೆ ಕಟ್ಟಿ ಹಿಡಿಸಬೇಕು ಅಂತ ಗುಂಡಿಯ ಅಂಚಿನಿಂದ ಟ್ಯಾಂಕಿಗೆ ಹಲಗೆ ಇಟ್ಟೆ. ಒಂದು ಕಾಲನ್ನು ಟ್ಯಾಂಕಿನ ಮೇಲೆ ಇಟ್ಟೂ ಆಯಿತು.

ಹಿಂದಿನಿಂದ ಯಾರೋ ಕುತ್ತಿಗೆಪಟ್ಟಿ ಹಿಡಿದು ಎಳೆದರು. ತಿರುಗಿದರೆ ಹಡಗಣ್ಣ.

"ಹತ್ಬ್ಯಾಡ. ಬಾಯಿ, ಪೈಪು, ಕೊಂಡಿ ಎಲ್ಲ ಮ್ಯಾಗವೆ. ತಲೆ ಭಾರ ಐತೆ. ಮೊಗಚ್ಕತದೆ."

"ಬುಡಣ್ಣ."

"ಹತ್ಬ್ಯಾಡ ಅಂದೆ."

ಅಷ್ಟು ಜನರ ಎದುರಿಗೆ ಕುತ್ತಿಗೆಪಟ್ಟಿ. ನಾನು ಎರಡೂ ಕೈಯಿಂದ ಅವರ ಎದೆಗೆ ತಳ್ಳಿದೆ. "ನಿನ್ ಹಡಗಿನ್ ಕತೆ ಎತ್ಕಂಡು ನಡಿ ಮನೆಗೆ" ಅಂದೆ. ಅರವತ್ತು ದಾಟಿದ ಮನುಷ್ಯ, ನನ್ನ ಅಪ್ಪನ ವಯಸ್ಸಿನವರು. ಕೆಸರಿನಲ್ಲಿ ಅಂಗಾತ ಬಿದ್ದರು. ಸ್ಕ್ರೂಡ್ರೈವರ್ ಪಂಚೆಯಿಂದ ಜಾರಿ ದೂರ ಬಿತ್ತು.

ಅವರು ಏಳುವ ಮೊದಲೇ ಟ್ಯಾಂಕು ಮೊಗಚಿಕೊಂಡಿತು. ನಾನು ಒಂದು ಕಾಲಿಟ್ಟು ತೆಗೆದಿದ್ದೆನಲ್ಲ, ಅಷ್ಟೇ ಸಾಕಾಗಿತ್ತು. ಸದ್ದೇ ಇಲ್ಲದೆ, ನಿದ್ದೆಯಲ್ಲಿ ಮಗ್ಗುಲು ಬದಲಾಯಿಸಿದ ಹಾಗೆ ಸುತ್ತಿತು. ಮೇಲಿದ್ದ ಬಾಯಿ, ಪೈಪಿನ ಕೊಳವೆ ಎಲ್ಲ ನೀರೊಳಗೆ ಹೋಗಿ, ಅಡಿಯಲ್ಲಿದ್ದ ಹೊಟ್ಟೆ ಮೇಲೆ ಬಂತು. ನಾನಿಟ್ಟಿದ್ದ ಹಲಗೆ ಟ್ಯಾಂಕಿಗೂ ಗುಂಡಿಯ ಗೋಡೆಗೂ ನಡುವೆ ಸಿಕ್ಕಿ ಬಿಸ್ಕತ್ತಿನ ಹಾಗೆ ಪುಡಿಯಾಯಿತು. ಎರಡು ಇಂಚು ದಪ್ಪದ ಹಲಗೆ. ನಾನು ಹಲಗೆಯ ಚೂರುಗಳನ್ನು ನೋಡಿದೆ, ಕೆಸರಿನಲ್ಲಿ ಮೊಣಕೈ ಊರಿ ಏಳುತ್ತಿದ್ದ ಅವರನ್ನು ನೋಡಿದೆ. ಇವೆರಡರಲ್ಲಿ ಯಾವುದು ನನ್ನನ್ನು ಹೆಚ್ಚು ಬೆಚ್ಚಿಸಿತು ಅಂತ ಇವತ್ತಿಗೂ ಹೇಳಲಾರೆ. ಕೈ ಮುಂದೆ ಮಾಡಿ ಎಬ್ಬಿಸಬೇಕಿತ್ತು. ಮಾಡಲಿಲ್ಲ. ಶಿವಲಿಂಗ ಎಬ್ಬಿಸಿದ.

ಅವರು ಮೊದಲು ಸ್ಕ್ರೂಡ್ರೈವರ್ ಹುಡುಕಿಕೊಂಡರು. ಅಂಗಿಗೆ ಒರೆಸಿದರು. ಆಮೇಲೆ ಟ್ಯಾಂಕಿನ ಕಡೆ ನೋಡಿ, "ಅಡೀಲಿ ಬಿರಡೆ ಇಟ್ಟಿದ್ದಲ್ಲ, ಅದೀಗ ನೆತ್ತಿ ಮ್ಯಾಗೆ ಬಂದೈತೆ. ಒಳ್ಳೇದೇ ಆಯ್ತು" ಅಂದರು.

ನನಗೆ ಅರ್ಥವಾಗಲಿಲ್ಲ.

"ಬಾಯಿ ನೀರೊಳಗೈತೆ, ಆದ್ರೂ ನೀರು ಒಳೀಕೆ ಹೋಗಾಕಿಲ್ಲ. ಗಾಳಿ ಜಾಗ ಬುಡಬೇಕಲ್ಲ. ಬಿರಡೆ ಬಿಚ್ಚುದ್ರೆ ಗಾಳಿ ಆಚೀಕೆ, ನೀರು ಒಳೀಕೆ. ತಾನೇ ಕೂತ್ಕತದೆ."

ಟ್ಯಾಂಕಿನ ಮೇಲೆ ಹತ್ತುವ ಹಾಗಿಲ್ಲ. ಅವರು ಜೆಸಿಬಿಯವನನ್ನು ಕರೆದು, ಬಕೆಟ್ಟಿನಲ್ಲಿ ತಾವೇ ಕೂತು, ಟ್ಯಾಂಕಿನ ನೆತ್ತಿಯ ಮೇಲಕ್ಕೆ ಚಾಚಿಸಿಕೊಂಡರು. ಕೆಸರು ಮೆತ್ತಿದ ಬೆನ್ನು, ಬಕೆಟ್ಟಿನ ಹಲ್ಲುಗಳ ನಡುವೆ ತೂಗುವ ಎರಡು ಕಾಲು, ಕೈಯಲ್ಲಿ ಬಿರಡೆ ತಿರುಗಿಸುವ ಪೈಪ್ ಪಾನ. ನಾನು ಅವರನ್ನು ನೆನೆದಾಗಲೆಲ್ಲ ಮೊದಲು ಬರುವುದು ಆ ಚಿತ್ರ. ಬಿರಡೆ ಸಡಿಲವಾದಾಗ ಕುಕ್ಕರ್ ಕೂಗಿದ ಹಾಗೆ ಗಾಳಿ ನುಗ್ಗಿತು. ಅವರು ಟ್ಯಾಂಕಿನ ಹೊಟ್ಟೆಯ ಕಡೆ ಬಾಗಿ, ಅದರ ಮೈಗೆ ಸ್ಕ್ರೂಡ್ರೈವರ್ ಇಟ್ಟು, ಕಿವಿ ಕೊಟ್ಟು, "ಹತ್ತಾ ಐತೆ" ಅಂದರು. ನೀರು ಒಳಗೆ ಹತ್ತುತ್ತಿದೆ ಅಂತ. ಮಧ್ಯಾಹ್ನದ ಹೊತ್ತಿಗೆ ಮೂರು ಟನ್ನು ಎಲ್ಲರ ಮುಂದೆ ಮೆಲ್ಲಗೆ ಇಳಿದು ತಳಕ್ಕೆ ಕೂತಿತು. ಮಾರನೇ ವಾರ ಪಂಪಿನಲ್ಲಿ ನೀರು ಹೊರಗೆ ಹೊಡೆದು, ಕ್ರೇನಿನಲ್ಲಿ ತಿರುಗಿಸಿ, ಪಟ್ಟಿ ಬಿಗಿದು, ಮಣ್ಣು ಮುಚ್ಚಿದೆವು. ಒಂದು ಬೆಸುಗೆಯೂ ಬಿಟ್ಟಿರಲಿಲ್ಲ. ಫ್ಯಾಕ್ಟರಿಯವರು ಇನ್ನೆರಡು ಟ್ಯಾಂಕು ನನಗೇ ಕೊಟ್ಟರು. ಹೆಸರು ಉಳಿಯಿತು. ಉಳಿಸಿದವರು ಯಾರು ಅಂತ ನಾನು ಯಾರಿಗೂ ಹೇಳಲಿಲ್ಲ, ಅವರಿಗೂ ಹೇಳಲಿಲ್ಲ.

ಟ್ಯಾಂಕು ಕೂತ ದಿನ ಸಂಜೆ ರಸ್ತೆ ಬದಿಯ ಟೀ ಅಂಗಡಿಯಲ್ಲಿ ನಿಂತಿದ್ದೆವು. ತಪ್ಪಾಯ್ತು ಅನ್ನಬೇಕಿತ್ತು. ಅದರ ಬದಲು ನನ್ನ ಬಾಯಿಂದ ಬಂದದ್ದು, "ಅಣ್ಣ, ಐಸಿನ ಬೆಟ್ಟ ಮೊಗಚಿದ್ದನ್ನ ಹತ್ರದಿಂದ ನೋಡಿದ್ಯಾ?"

ಅವರು ಅರ್ಧ ಲೋಟ ಟೀಯನ್ನು ಒಂದು ಸುತ್ತು ತಿರುಗಿಸಿದರು. "ನೋಡಿಲ್ಲ ಕಣಪ್ಪ" ಅಂದರು.

"ಮೊಗಚಿದ್ದನ್ನ?"

"ಬೆಟ್ಟಾನೇ ನೋಡಿಲ್ಲ."

ಶಿವಲಿಂಗ ಲೋಟ ಕೆಳಗಿಟ್ಟು ಹತ್ತಿರ ಬಂದ.

"ಕೆನಡಾ ಕಡೀಕೆ ಓಗ್ತಿದ್ದೊ. ಬೆಳಿಗ್ಗೆ ಹೊತ್ತು. ಮ್ಯಾಲಿಂದ ಕೂಗಿದ್ರು, ಐಸು ಐಸು ಅಂತ. ಎಲ್ಲ ಓಡೋದ್ರು. ಇಂಜಿನ್ ಹತ್ರ ಒಬ್ರು ಇರ್ಬೇಕಲ್ಲ. ನನ್ ಪಾಳಿ. ನಮ್ ಇಂಜಿನ್ ರೂಮು ಇದ್ದದ್ದು ನೀರಿನ ಮಟ್ಟಕ್ಕಿಂತ ಕೆಳೀಕೆ. ಬೆಟ್ಟದಿಂದ ಮುರಿದಿದ್ದ ಚೂರುಗಳು ತೇಲ್ಕಂಡು ಬಂದು ಹಡಗಿನ ಮೈಗೆ ಉಜ್ಜುತಾ ಹೋದ್ವು. ನಾನು ಇದ್ನ ಗ್ವಾಡೆಗಿಟ್ಟು ಕೇಳ್ತಾ ನಿಂತಿದ್ದೆ." ಸ್ಕ್ರೂಡ್ರೈವರ್ ಎತ್ತಿ ತೋರಿಸಿದರು. "ಪಟಪಟ ಅಂತದೆ. ಒಳಗೆ ಸಿಕ್ಕಾಕ್ಕಂಡಿದ್ದ ಹಳೇ ಗಾಳಿ, ಐಸು ಕರಗ್ದಂಗೆ ಒಡ್ಕಂಡು ಆಚೀಕೆ ಬತ್ತದೆ. ಸಾವಿರಾರು ವರ್ಷದ ಗಾಳಿ ಕಣಪ್ಪ. ಆಮೇಲೆ ಮ್ಯಾಗಿಂದ ಇಳಿದು ಬಂದೋರ್ನೆಲ್ಲ ಕೇಳ್ದೆ. ಹೆಂಗಿತ್ತು, ಎಷ್ಟಿತ್ತು, ಯಾಕಂಗೆ ಅಂತ. ನಮ್ ಚೀಫ್ ಇಂಜಿನಿಯರ್ರು ಒಳ್ಳೆಯೋರು, ಪಟ ಬರ್ದು ಹೇಳ್ಕೊಟ್ರು."

ನಾನು ಐದು ವರ್ಷ ಕೇಳಿದ ಕತೆಯನ್ನು ಮನಸ್ಸಿನಲ್ಲೇ ಹಿಂದಕ್ಕೆ ತಿರುಗಿಸಿ ನೋಡಿದೆ. ಅಷ್ಟಿತ್ತು, ಇಷ್ಟಿತ್ತು ಅಂದಿದ್ದರು. ನಾನು ನೋಡಿದೆ ಅಂತ ಒಂದು ಸಲವೂ ಅಂದಿರಲಿಲ್ಲ. ಮೇಲೆ ಓಡಿದವರೆಲ್ಲ ಬೆಟ್ಟದ ತುದಿ ನೋಡಿ ಬಂದರು. ಅದರ ಹೊಟ್ಟೆ ಇರುವ ಆಳದಲ್ಲಿ, ನಡುವೆ ಒಂದು ಕಬ್ಬಿಣದ ಪ್ಲೇಟು ಬಿಟ್ಟು, ಅದಕ್ಕೆ ಎದುರಾಗಿ ನಿಂತಿದ್ದವರು ಇವರು.

"ಹಂಗಾದ್ರೆ ಇಪ್ಪತ್ತೆರಡು ವರ್ಷ ಹಡಗಿನಾಗಿದ್ದು ಅದನ್ನ ನೋಡ್ಲೇ ಇಲ್ವಾ?" ಅಂದ ಶಿವಲಿಂಗ.

"ಇಂಜಿನ್ನು ಯಾರು ನೋಡ್ಕಳಾದು?" ಅಂದರು.

ಆ ಕೆಲಸದಲ್ಲಿ ಉಳಿದ ಪ್ಲೇಟಿನಲ್ಲಿ ನಾನು ಅವರ ಹಸುಗಳಿಗೆ ನೀರಿನ ತೊಟ್ಟಿ ಮಾಡಿದೆ. ಆರಡಿ ಉದ್ದ, ಮೂರಡಿ ಅಗಲ, ಸೊಂಟದೆತ್ತರ. ನನ್ನ ಕೈಯ ಬೆಸುಗೆ. ಟೆಂಪೋದಲ್ಲಿ ಕೈಲಾಂಚಕ್ಕೆ ತಗೊಂಡು ಹೋಗಿ ಕೊಟ್ಟಿಗೆ ಮುಂದೆ ಇಳಿಸಿದೆ. ಅವರ ಹೆಂಡತಿ, ನಾನು ಅಕ್ಕ ಅನ್ನುತ್ತೇನೆ, "ಏನಪ್ಪ ಇದು, ಮದುವೆಮನೆ ಅಂಡೆ ಇದ್ದಂಗೈತೆ, ಇರಾದು ಎರಡು ಹಸ" ಅಂತ ನಕ್ಕರು. ಹಡಗಣ್ಣ ತೊಟ್ಟಿಯನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿಕೊಟ್ಟು, "ಸರ್ಯಾಗೈತೆ" ಅಂದರು. ತಪ್ಪಾಯ್ತು ಅನ್ನುವ ಮಾತನ್ನು ನಾನು ತೊಟ್ಟಿ ಮಾಡಿಕೊಟ್ಟೇ ಹೇಳಿಬಿಟ್ಟೆ ಅಂತ ಸಮಾಧಾನ ಮಾಡಿಕೊಂಡೆ. ಮೂರು ವರ್ಷ ಹಾಗೇ ಸಮಾಧಾನ ಮಾಡಿಕೊಂಡು ಓಡಾಡಿದೆ. ಅವರು ಶೆಡ್ಡಿಗೆ ಬರುವುದನ್ನು ನಿಲ್ಲಿಸಲಿಲ್ಲ. ನನ್ನನ್ನು ಕಣಪ್ಪ ಅನ್ನುವುದನ್ನೂ ನಿಲ್ಲಿಸಲಿಲ್ಲ. ಅದೇ ನನಗೆ ತಡೆಯಲಾಗುತ್ತಿರಲಿಲ್ಲ. ಒಂದು ಸಲ ಬೈದಿದ್ದರೆ ಚೆನ್ನಾಗಿತ್ತು.

ಕಳೆದ ತಿಂಗಳು ಚನ್ನಪಟ್ಟಣದ ಐಸ್ ಫ್ಯಾಕ್ಟರಿಯೊಂದರಲ್ಲಿ ಐಸು ಗಟ್ಟಿ ಮಾಡುವ ಉಪ್ಪುನೀರಿನ ತೊಟ್ಟಿ ಸೋರುತ್ತಿತ್ತು, ನಾನು ಹೋಗಿದ್ದೆ. ಐಸಿನ ದಿಮ್ಮಿಯೊಂದು ಕೊಂಡಿಯಿಂದ ಜಾರಿ ತೊಟ್ಟಿಗೆ ಬಿತ್ತು. ಮುಳುಗಿ, ಎದ್ದು, ಒಂದಿಷ್ಟು ತಲೆ ಮಾತ್ರ ಮೇಲಿಟ್ಟುಕೊಂಡು ನಿಂತಿತು. ನನಗೆ ಆ ಟೀ ಅಂಗಡಿಯ ಸಂಜೆ ನೆನಪಾಯಿತು. ಅವತ್ತೇ ಒಂದು ದಿಮ್ಮಿ ತಗೊಂಡೆ. ಬೊಂಬೆ ಮಾಡುವವರ ಹತ್ತಿರ ಮರದ ಹೊಟ್ಟು ಕೇಳಿ, ಅದರಲ್ಲಿ ಹುದುಗಿಸಿ, ಗೋಣಿ ಸುತ್ತಿ, ಟೆಂಪೋದಲ್ಲಿ ಹಾಕಿಕೊಂಡು ಕೈಲಾಂಚಕ್ಕೆ ಓಡಿಸಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅಣ್ಣ, ಅವತ್ತು ನಾನು ಕೈ ಮಾಡಿದ್ದು ತಪ್ಪಾಯ್ತು. ಇಷ್ಟೇ ಮಾತು. ನೂರು ಸಲ ಹೇಳಿಕೊಂಡಿರಬೇಕು.

ಅಕ್ಕ ಕಾಫಿ ಕೊಟ್ಟರು. ಕುಡಿದು, ನಾನೂ ಹಡಗಣ್ಣನೂ ದಿಮ್ಮಿಯನ್ನು ಎತ್ತಿ ತೊಟ್ಟಿಗೆ ಜಾರಿಸಿದೆವು. "ನೋಡಣ್ಣ, ನಿನ್ ಬೆಟ್ಟ" ಅಂದೆ. ಬಿಸಿಲಿಗೆ ಅದರ ಒಡಲಿನ ಬಿಳಿ ಹೊಳೆಯುತ್ತಿತ್ತು, ಮೇಲೆ ಹೊಗೆಯ ಹಾಗೆ ತಂಪು ಏಳುತ್ತಿತ್ತು. ಇಷ್ಟು ವರ್ಷಕ್ಕೆ ಅವರು ಕಣ್ಣಿನಿಂದ ನೋಡುತ್ತಾರೆ ಅಂತ ನಾನು ಅವರ ಮುಖವನ್ನೇ ನೋಡುತ್ತಿದ್ದೆ.

ಅವರು ನೋಡಲಿಲ್ಲ. ಕುಕ್ಕರುಗಾಲಿನಲ್ಲಿ ಕೂತು, ತೊಟ್ಟಿಯ ಹೊರಮೈಗೆ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿಯನ್ನು ಬಲಗಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಐಸು ಅವರ ತಲೆಯಿಂದ ಒಂದು ಮೊಳ ದೂರದಲ್ಲಿ ತೇಲುತ್ತಿತ್ತು, ನಡುವೆ ನನ್ನ ಆರು ಎಂಎಂ ಪ್ಲೇಟು.

ನಾನು ಪಕ್ಕದಲ್ಲಿ ಕೂತೆ. "ಅಣ್ಣ" ಅಂದೆ. "ಅವತ್ತು ಹಾರೋಹಳ್ಳೀಲಿ..."

"ಸುಮ್ನಿರು ಕಣಪ್ಪ" ಅಂದರು, ಕಣ್ಣು ತೆರೆಯದೆ. "ಕೇಳ್ತಾ ಇವ್ನಿ."

ಅವರ ಮುಖದಲ್ಲಿ ನಾನು ಯಾವತ್ತೂ ನೋಡದ ಒಂದು ನಗು ಬಂತು. ಸ್ವಲ್ಪ ಹೊತ್ತಾದ ಮೇಲೆ ಸ್ಕ್ರೂಡ್ರೈವರನ್ನು ಅಲುಗಿಸದೆ, ತಮ್ಮ ಕಿವಿ ತೆಗೆದು ನನ್ನನ್ನು ಹತ್ತಿರ ಎಳೆದುಕೊಂಡು ಹಿಡಿಯನ್ನು ನನ್ನ ಕಿವಿಗೆ ಇಟ್ಟರು. ಹಿಡಿ ಬೆಚ್ಚಗಿತ್ತು. ಒಳಗೆ ಹುರುಳಿ ಹುರಿದ ಹಾಗೆ ಪಟಪಟ, ಪಟಪಟ. "ಇದೇಯ, ಇದೇ ಸದ್ದು" ಅಂದರು. "ಅದು ದೊಡ್ಡದಿತ್ತು ಅಷ್ಟೇ."

ಆಗಲೇ ದಿಮ್ಮಿ ಮೊಗಚಿಕೊಂಡಿತು. ಯಾರೂ ಮುಟ್ಟಿರಲಿಲ್ಲ. ನೀರು ಚಿಮ್ಮಿ ಇಬ್ಬರ ಮೈಮೇಲೂ ಬಿತ್ತು, ಹಸು ಬೆದರಿ ಹಗ್ಗ ಜಗ್ಗಿತು. ನಾನು ಹಿಂದಕ್ಕೆ ಬಿದ್ದೆ, ಅವತ್ತು ಅವರು ಬಿದ್ದ ಹಾಗೆಯೇ, ಅಂಗಾತ. ಅವರು ನಗುತ್ತಾ ಕೈ ಮುಂದೆ ಮಾಡಿ ನನ್ನನ್ನು ಎಬ್ಬಿಸಿದರು.

ನಾನು ಹೇಳಬೇಕೆಂದಿದ್ದ ಮಾತಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಆದರೆ ಅಕ್ಕ, ಹಸು, ನಗು, ಒದ್ದೆ ಬಟ್ಟೆ. ಇನ್ನೊಂದು ದಿನ ಅಂತ ಟೆಂಪೋ ಹತ್ತಿದೆ.

ಮಣ್ಣು ಮಾಡಿ ಬಂದ ಮೇಲೆ ಅಕ್ಕ ಸ್ಕ್ರೂಡ್ರೈವರನ್ನು ತಂದು ನನ್ನ ಕೈಗೆ ಕೊಟ್ಟರು. ಬೇಡ ಅನ್ನಲು ಆಗಲಿಲ್ಲ. ಕೊಟ್ಟಿಗೆಯ ಮುಂದೆ ತೊಟ್ಟಿ ಇತ್ತು, ತುಂಬ ನೀರಿತ್ತು. ಜನರೆಲ್ಲ ಚದುರುವವರೆಗೆ ಕಾದು, ಅವರು ಕೂತಿದ್ದ ಜಾಗದಲ್ಲೇ ಕೂತು, ತುದಿಯನ್ನು ಅದೇ ಕಡೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡೆ. ಬರೀ ನೀರು. ಸದ್ದಿರಲಿಲ್ಲ. ತಪ್ಪಾಯ್ತು ಅಂದೆ. ಆಗಲೂ ಸದ್ದಿರಲಿಲ್ಲ.